ಬಾವಿ ತುಂಬಿದ್ದಾಗ ಮಾರಿದ ಮನೆ

ಚಾಮರಾಜನಗರ ಜಿಲ್ಲೆಯಾದ ಮೇಲೆ ಪತ್ರಿಕೆಯವರು ನನ್ನನ್ನು ಗುಂಡ್ಲುಪೇಟೆಯಿಂದ ಅಲ್ಲಿಗೆ ವರ್ಗ ಮಾಡಿದರು. ಅಲ್ಲಿ ಒಂದು ಮನೆಗೆ ಮಾತು ಕೊಟ್ಟಾಗಿತ್ತು. ಗುಂಡ್ಲುಪೇಟೆಯ ನನ್ನ ಮನೆ ಮಾರಾಟವಾಗದೆ ಅದು ಕೈಗೆ ಬರುವಂತಿರಲಿಲ್ಲ. ಹಾಗಾಗಿ ಒಬ್ಬ ಬ್ರೋಕರನನ್ನು ಹಿಡಿದೆ.

ಅವನು ಮೊದಲು ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವನು. ಸೈಟು, ಮನೆಗಳ ವ್ಯವಹಾರ ಜೋರಾದಾಗ ಇದಕ್ಕೆ ಇಳಿದಿದ್ದ. ಹೆಗಲ ಮೇಲಿನ ಟವೆಲ್ ಮಾತ್ರ ಬದಲಾಗಿರಲಿಲ್ಲ. ಮನೆ ನೋಡಲು ಬಂದವನು ಕೋಣೆಗಳನ್ನು ನೋಡಿದ್ದು ಕಡಿಮೆ. ನೇರ ಹಿತ್ತಲಿಗೆ ಹೋಗಿ ಬಾವಿಯೊಳಗೆ ಬಗ್ಗಿದ. ದೀಪಾವಳಿ ಕಳೆದ ವಾರ ಅದು. ಹಿಂಗಾರು ಚೆನ್ನಾಗಿ ಹಿಡಿದಿತ್ತು, ನೀರು ಮೇಲೆಯೇ ಇತ್ತು. ಆದರೆ ಅವನು ನೋಡಿದ್ದು ನೀರನ್ನಲ್ಲ, ನೀರು ಏರಿ ಇಳಿದದ್ದನ್ನು ತೋರಿಸುವ, ಕಲ್ಲಿನ ಮೇಲಿದ್ದ ಪಾಚಿಯ ಗುರುತುಗಳನ್ನು.

“ಈಗ್ಲೇ ಮಾರ್ಬುಡನ ಸಾ. ಶಿವರಾತ್ರಿ ಕಳದ್ರೆ ಈ ಬಾವಿಯ ಯಾರ್ಗೂ ತೋರ್ಸಕಾಗಲ್ಲ” ಎಂದ. ಜೊತೆಗೆ ಒಂದು ಷರತ್ತು: “ಪಾರ್ಟಿ ಬಂದಾಗ ನೀವು ಬಾಯಿ ಬುಡಬಾರ್ದು. ಏನಾರ ಕೇಳುದ್ರೆ ನನ್ ಕಡೆ ನೋಡಿ, ಸಾಕು.”

ಪಾರ್ಟಿ ಬೇಗೂರಿನಿಂದ ಬಂತು. ಅರಿಸಿನದ ವ್ಯಾಪಾರಿ, ಅವನ ಹೆಂಡತಿ. ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಲು ಅವರಿಗೆ ಮನೆ ಬೇಕಿತ್ತು. ಬ್ರೋಕರ್ ತಾನೇ ಬಿಂದಿಗೆ ಇಳಿಬಿಟ್ಟು ನೀರು ಸೇದಿ, ಮಲ್ಲಿಗೆ ಬುಡಕ್ಕೆ ಸುರಿದ.

“ನೋಡ್ಕಳವ್ವ, ಅಗ್ಗ ನಾಕು ಮೊಳ ಇದ್ರೆ ಸಾಕು.”

ಆಕೆ ಅವನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು. “ಅಣ್ಣ, ಬ್ಯಾಸ್ಗೇಲೂ ಇಂಗೇ ಇದ್ದದಾ?”

ಬ್ರೋಕರ್ ನನ್ನನ್ನೇ ನೋಡುತ್ತಿದ್ದ. ಇರುವುದಿಲ್ಲ ಎಂದೆ. ಮಾರ್ಚಿಗೆ ಬಾವಿ ಬತ್ತುತ್ತದೆ, ನಲ್ಲಿ ನೀರು ಯಾವಾಗ ಬರುತ್ತದೋ ಲೆಕ್ಕವಿಲ್ಲ, ಮಳೆ ಬರುವವರೆಗೆ ಹಿಂದಿನ ಬೀದಿಯ ಬೋರ್‌ವೆಲ್‌ನಿಂದ ಹೊರಬೇಕು ಎಂದೂ ಹೇಳಿದೆ.

ಬ್ರೋಕರ್ ಟವೆಲ್ಲಿನಿಂದ ಮುಖ ಒರೆಸಿಕೊಂಡ. ವ್ಯಾಪಾರಿ ನಕ್ಕುಬಿಟ್ಟ.

“ಎಷ್ಟು ಜಾಸ್ತಿ ಕೊಡ್ತೀನಿ ಅಂದ್ರು ಸಾ ಅವ್ರು?”

“ಯಾರು?”

“ನಮಗಿಂತ ಮುಂಚೆ ಬಂದಿದ್ದೋರು. ಸಂತೇಲಿ ನೋಡಿಲ್ವಾ ನಾವು? ಮಾತುಕತೆ ಆದ್ಮೇಲೆ ಇನ್ನೊಬ್ಬ ಬಂದು ಜಾಸ್ತಿ ಅಂದ್ಬುಟ್ರೆ, ಎತ್ತಿನೋನು ತನ್ನ ಎತ್ತನ್ನೇ ಕುಂಟು ಅಂತಾನೆ. ನಮ್ಮನ್ನ ಓಡ್ಸಕೆ.”

ಬೇರೆ ಯಾರೂ ಬಂದಿಲ್ಲ ಎಂದೆ. ನಂಬಲಿಲ್ಲ. ಒಳಗೆ ಹೋಗಿ ಹಳೆಯ ಪತ್ರಿಕೆಯ ತುಣುಕುಗಳನ್ನು ತಂದೆ. ನಮ್ಮ ಬೀದಿಯ ನೀರಿನ ತೊಂದರೆಯ ಬಗ್ಗೆ ಪ್ರತಿ ಬೇಸಿಗೆ ನಾನೇ ಬರೆದು ಕಳಿಸಿದ್ದ ಸುದ್ದಿಗಳು. ಒಂದರಲ್ಲಿ ಖಾಲಿ ಕೊಡಗಳ ಸಾಲಿನ ಚಿತ್ರವೂ ಇತ್ತು. ಅವನು ಅವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಪ್ಯಾಪರ್ನೋರಲ್ವಾ ನೀವು. ನೀರು ಚೆನ್ನಾಗಿ ಬರ್ತದೆ ಅಂತ ಬರುದ್ರೆ ಯಾರು ಓದಾರು?”

ಈಗ ಬ್ರೋಕರನಿಗೆ ಜೀವ ಬಂತು. “ನಿಮ್ಮ ಮುಂದೆ ಯಾರ ಆಟಾನೂ ನಡ್ಯಲ್ಲ ಕಣಪ್ಪ” ಎಂದ. ಬೇರೆ ಪಾರ್ಟಿ ಇದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

“ಅಲ್ಲ, ಅವ್ರು ನಿಜಾನೇ ಏಳ್ತಾವ್ರೇನೋ” ಎಂದಳು ಆಕೆ.

“ಸುಮ್ನಿರಮ್ಮಿ. ವ್ಯಾಪಾರ ನಿಂಗೆ ಗೊತ್ತಾಗಲ್ಲ.”

“ನೀರು ಒರೋದು ಗೊತ್ತಾಯ್ತದೆ ನಂಗೆ.”

ವ್ಯಾಪಾರಿಯೂ ಬ್ರೋಕರನೂ ನಕ್ಕರು. ನಂತರ ಜಗಲಿಯ ಮೇಲೆ ಕುಳಿತು, ದನದ ವ್ಯಾಪಾರದಂತೆಯೇ ಟವೆಲ್ಲಿನ ಕೆಳಗೆ ಕೈ ಸೇರಿಸಿದರು. ಒಬ್ಬರ ಬೆರಳು ಒಬ್ಬರು ಹಿಡಿದು, ಬಿಟ್ಟು, ಮತ್ತೆ ಹಿಡಿದರು. ಬಾಯಲ್ಲಿ ಒಂದು ಮಾತಿಲ್ಲ. ನನ್ನ ಮನೆಯ ಬೆಲೆ ಆ ಬಟ್ಟೆಯ ಅಡಿಯಲ್ಲಿ ಏರುತ್ತಿತ್ತೋ ಇಳಿಯುತ್ತಿತ್ತೋ ನನಗೆ ತಿಳಿಯುವಂತಿರಲಿಲ್ಲ. ಆಮೇಲೆ ಬ್ರೋಕರ್ ಬಂದು ಕಿವಿಯಲ್ಲಿ ಹೇಳಿದ. ನಾನು ಕೇಳಿದ್ದಕ್ಕಿಂತ ಹೆಚ್ಚಿಗೆ ಕುದುರಿತ್ತು. ಇನ್ನೊಬ್ಬರ ಪಾಲಾಗದಿರಲಿ ಎಂದು ವ್ಯಾಪಾರಿ ಆಗಲೇ ಮುಂಗಡ ಕೊಡಲು ತಯಾರಾಗಿದ್ದ.

ಮಾರುವುದಿಲ್ಲ ಎಂದು ನಾನು ಎದ್ದುಬಿಡಬಹುದಿತ್ತು. ಏಳಲಿಲ್ಲ. ಚಾಮರಾಜನಗರದ ಮನೆಯವರು ಇನ್ನು ಹದಿನೈದು ದಿನ ಮಾತ್ರ ಕಾಯುವುದಾಗಿ ಹೇಳಿದ್ದರು.

ಎಲೆ ಅಡಿಕೆ ತರಲು ಬ್ರೋಕರ್ ಅಂಗಡಿಗೆ ಹೋದಾಗ ಆಕೆ ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು. “ಆ ಬೋರು ಎಲ್ಲದೆ, ತೋರ್ಸಿ ಅಣ್ಣ.”

ಅಗುಳಿ ತೆಗೆದು ತೋರಿಸಿದೆ. ಓಣಿ ಇಳಿದು, ಶಾಲೆಯ ಕಾಂಪೌಂಡಿನ ಪಕ್ಕ. ಆಕೆ ಒಬ್ಬಳೇ ಹೋದಳು. ಪಂಪಿನ ಹಿಡಿ ಒತ್ತಿ ನೀರು ಬರುವುದನ್ನು ನೋಡಿದಳು. ಹೋಗುವಾಗ ಬಿರುಸಾಗಿ ನಡೆದವಳು ಬರುವಾಗ ನಿಧಾನಿಸಿದಳು. ಒಂದು ಕೈಯನ್ನು ಸೊಂಟದ ಹತ್ತಿರ ಬಳಸಿಕೊಂಡು, ಮೈಯನ್ನು ಒಂದು ಕಡೆಗೆ ವಾಲಿಸಿಕೊಂಡು, ಕೊಡವೇ ಇಲ್ಲದೆ, ತುಂಬಿದ ಕೊಡ ಹೊತ್ತವಳ ಹಾಗೆ ಬಂದಳು.

“ಬರುವಾಗ ಏರು” ಎಂದಳು.

ಹೌದು ಎಂದೆ. ಒಳಗಿನಿಂದ ಕರೆದರು. ವ್ಯಾಪಾರ ಗಟ್ಟಿಮಾಡುವ ತಾಂಬೂಲಕ್ಕೆ ಮೊದಲು ಕೈ ಚಾಚಬೇಕಾದವನು, ಮಾರುವವನು, ನಾನೇ.