ಹಳದೀಪುರದ ಒಂದು ಮನೆ, ನಾಲ್ಕು ರಕ್ತದ ವರದಿ

ಭಟ್ಕಳದ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದ ಆ ಯುವಕ ನನ್ನೆದುರು ಬಂದು ಕುಳಿತಾಗ ಸಿಟ್ಟಿನಲ್ಲಿದ್ದ. ಗಲ್ಫಿನಲ್ಲಿ ಕೆಲಸ ಖಾತ್ರಿಯಾಗಿತ್ತು. ಹೊರಡುವ ಮುಂಚಿನ ಮೆಡಿಕಲ್ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂದು, ಎಲ್ಲ ನಿಂತುಹೋಗಿತ್ತು. ಯಕೃತ್ತಿನ ಈ ವೈರಸ್ ನಮ್ಮ ಕರಾವಳಿಯ ಮನೆಗಳಲ್ಲಿ ಹೇಗೆ ದಾಟುತ್ತದೆ ಎಂದು ಹುಡುಕುವುದೇ ನನ್ನ ಕೆಲಸವಾದ್ದರಿಂದ, ಯಾರೋ ಅವನನ್ನು ನನ್ನ ಬಳಿ ಕಳಿಸಿದ್ದರು.

"ಕಾಮಾಲೆ ಇಲ್ಲ, ಜ್ವರ ಇಲ್ಲ. ಇದು ಎಂತ ರೋಗ? ಬಂದರಿನಲ್ಲಿ ಎಲ್ಲರೂ ನನ್ನ ನಡತೆ ಬಗ್ಗೆ ಮಾತಾಡ್ತಾರೆ," ಎಂದ.

ದೈಹಿಕ ಸಂಬಂಧದಿಂದಲೂ ಇದು ದಾಟುತ್ತದೆ ಎಂಬುದೇ ಆ ಮಾತಿನ ಹಿಂದಿತ್ತು. ಈ ವೈರಸ್ ಏನೂ ತೊಂದರೆ ಕೊಡದೆ ವರ್ಷಗಟ್ಟಲೆ ಮೈಯಲ್ಲಿ ಇದ್ದುಬಿಡಬಹುದು, ಹಾಗೆ ಇರುವುದು ಹೆಚ್ಚಾಗಿ ಹುಟ್ಟುವಾಗಲೋ ಎಳವೆಯಲ್ಲೋ ತಗುಲಿದವರಲ್ಲಿ ಎಂದೆ. ಅವನು, "ಹಾಗಾದ್ರೆ ಮನೆಗೆ ಬಂದು ಎಲ್ಲರದ್ದೂ ನೋಡಿ," ಎಂದ.

ಮನೆ ಹಳದೀಪುರದಲ್ಲಿ, ಹೆದ್ದಾರಿಯಿಂದ ಗದ್ದೆಯಂಚಿಗೆ ಇಳಿದರೆ ಸಿಗುತ್ತಿತ್ತು. ತಂದೆ ತೀರಿಕೊಂಡಿದ್ದರು. ತಾಯಿ ತರಕಾರಿ ಬೆಳೆದು ಹೊನ್ನಾವರದ ಪೇಟೆಗೆ ಒಯ್ಯುತ್ತಿದ್ದರು. ಅಕ್ಕನನ್ನು ಹೊಳನಗದ್ದೆಗೆ ಕೊಟ್ಟಿತ್ತು; ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಕೊನೆಯ ತಂಗಿ ಹೈಸ್ಕೂಲಿನಲ್ಲಿದ್ದಳು. ಎಲ್ಲರೂ ಒಬ್ಬೊಬ್ಬರಾಗಿ ಕೈಚಾಚಿದರು. "ರಕ್ತ ನೋಡಿ ಯಾರದು ಯಾರಿಗೆ ಬಂತು ಅಂತ ಹೇಳುಕೆ ಬತ್ತದಾ?" ಎಂದು ತಂಗಿ ಕೇಳಿದಳು. ನನಗೂ ಅದೇ ಕುತೂಹಲ.

ವರದಿ ಬಂದ ದಿನ ಅದನ್ನು ಎರಡು ಸಲ ಓದಿದೆ. ತಾಯಿಯ ರಕ್ತದಲ್ಲಿ ವೈರಸ್ ಇತ್ತು. ಅಕ್ಕನಲ್ಲೂ ಇತ್ತು. ತಂಗಿಯಲ್ಲಿ ಇರಲಿಲ್ಲ. ಒಂದೇ ತಾಯಿಯ ಮೂವರು ಮಕ್ಕಳಲ್ಲಿ ಒಬ್ಬಳು ಮಾತ್ರ ತಪ್ಪಿಸಿಕೊಂಡದ್ದು ಹೇಗೆ?

ಯಾರ ವರದಿ ಏನೆಂದು ಗುಟ್ಟಾಗಿ ಅವರವರಿಗೇ ಹೇಳಬೇಕೆಂದು ಹೋಗಿದ್ದೆ. ತಾಯಿ ಒಪ್ಪಲಿಲ್ಲ. "ನಮ್ಮಲ್ಲಿ ಬೇರೆ ಬೇರೆ ಎಂತದೂ ಇಲ್ಲ, ಎಲ್ಲರ ಎದುರೇ ಹೇಳಿ," ಎಂದರು. ಮಕ್ಕಳೂ ತಲೆಯಾಡಿಸಿದರು. ಹೇಳಿದೆ.

"ಅಂದ್ರೆ ನನ್ನಿಂದ್ಲೇ ಬಂದದ್ದಾ?" ಎಂದು ತಾಯಿ ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. "ಹಾಗೆ ಕಾಣ್ತದೆ. ಆದರೆ ನಿಮಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದು ತಪ್ಪಾಗೂದಿಲ್ಲ."

ಅವರು ಅಳಲಿಲ್ಲ. ಮಗನ ಕಡೆ ನೋಡಿ, "ನಿನ್ನ ಹೆಸರು ಹಾಳು ಮಾಡಿದ್ರಲ್ಲ, ಇನ್ನು ಅವರಿಗೆ ಹೇಳು, ಅಮ್ಮನಿಂದ ಬಂದದ್ದು ಅಂತ," ಎಂದರು. ಅವನು ಮುಖ ತಿರುಗಿಸಿ ಕಣ್ಣೊರಸಿಕೊಂಡ.

ಆಮೇಲೆ ಹೆರಿಗೆಗಳ ಬಗ್ಗೆ ಕೇಳಿದೆ. ಮೊದಲಿನ ಎರಡೂ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ಆಗಿದ್ದವು. ಮೂರನೆಯದಕ್ಕೆ ನೋವು ನಿಂತುಹೋಗಿ, ಹೆದರಿ ಹೊನ್ನಾವರದ ಆಸ್ಪತ್ರೆಗೆ ಒಯ್ದಿದ್ದರಂತೆ. ತಾಯಿ ಪೆಟ್ಟಿಗೆಯ ತಳದಿಂದ ಮಡಚಿದ ಕಾರ್ಡೊಂದನ್ನು ತೆಗೆದುಕೊಟ್ಟರು. ಶಾಯಿ ಮಾಸಿದ್ದರೂ ಓದಬಹುದಿತ್ತು: ಹುಟ್ಟಿದ ದಿನವೇ ಹೆಪಟೈಟಿಸ್ ಬಿ ಲಸಿಕೆ. ಯಾರೋ ನರ್ಸ್ ವಾಡಿಕೆಯಂತೆ ಚುಚ್ಚಿ, ಬರೆದು, ಮುಂದಿನ ಮಗುವಿನ ಕಡೆ ಹೋಗಿರಬೇಕು. ಹುಡುಗಿಯ ರಕ್ತವನ್ನು ಮತ್ತೆ ಪರೀಕ್ಷಿಸಿದೆ. ಲಸಿಕೆಯಿಂದ ಹುಟ್ಟಿದ ರಕ್ಷಣೆ ಇನ್ನೂ ಇತ್ತು. ಒಂದೇ ಮನೆಯಿಂದ ಸಿದ್ಧಾಂತ ಕಟ್ಟಬಾರದು ಎಂದು ನನಗೆ ಗೊತ್ತು. ಆದರೂ ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ಮನಸ್ಸು ಆ ಕಾರ್ಡಿನಲ್ಲೇ ಇತ್ತು.

ಇನ್ನು ಅಕ್ಕನ ಮಗುವಿನ ಚಿಂತೆ. ಅವಳ ರಕ್ತದಲ್ಲಿ ವೈರಸ್ ಬಹಳವಿದ್ದುದರಿಂದ ವೈದ್ಯರು ಮಾತ್ರೆ ಶುರುಮಾಡಿದರು. ಗಂಡನಿಗೆ ಸೋಂಕು ಇರಲಿಲ್ಲ. ಅವನೂ ಲಸಿಕೆ ಹಾಕಿಸಿಕೊಂಡ. ಮಗುವಿಗೆ ಹುಟ್ಟಿದ ಕೂಡಲೇ ಲಸಿಕೆಯ ಜೊತೆ, ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಇನ್ನೊಂದು ಇಂಜೆಕ್ಷನ್ ಬೇಕಿತ್ತು. ಅದನ್ನು ಮಂಗಳೂರಿನಿಂದ ತರಿಸುವ ಏರ್ಪಾಡು ಆಗಿತ್ತು. ಅಷ್ಟರಲ್ಲೇ, ವೈದ್ಯರು ಹೇಳಿದ್ದ ದಿನಕ್ಕಿಂತ ಎರಡು ವಾರ ಮುಂಚೆ, ಒಂದು ಬೆಳಿಗ್ಗೆ ಕುಮಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಲಸಿಕೆ ಅಲ್ಲೇ ಇತ್ತು, ಕೊಟ್ಟರು. ಇನ್ನೊಂದು ಔಷಧವನ್ನು ಮಂಗಳೂರಿನಲ್ಲಿ ಐಸ್ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕಿದರು. ಯುವಕ ಭಟ್ಕಳದಲ್ಲೇ ಆ ಬಸ್ಸು ಹತ್ತಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಮಟೆಗೆ ಬಂದ. ಸಂಜೆಯೊಳಗೆ ಮಗುವಿಗೆ ಅದೂ ಆಯಿತು.

ವರ್ಷ ತುಂಬುವ ಮೊದಲು ಮಗುವಿನ ರಕ್ತ ಪರೀಕ್ಷಿಸಿದೆವು. ವೈರಸ್ ಇರಲಿಲ್ಲ. ಯುವಕನಿಗೆ ಗಲ್ಫ್ ತಪ್ಪಿದ್ದು ತಪ್ಪಿತು. ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾನೆ. ಬಂದರಿನ ತನ್ನ ಜೊತೆಯವರನ್ನೂ ಪರೀಕ್ಷೆಗೆ ಕರೆತಂದಿದ್ದಾನೆ.

ಮಗುವಿನ ವರದಿ ಕೇಳಿದ ತಾಯಿ, "ಆತು, ದೊಡ್ಡದೊಂದು ಕಳೀತು," ಎಂದರು. ಮತ್ತೆ ನನ್ನನ್ನೇ ನೋಡುತ್ತ, "ಅಲ್ಲಾ, ನಂಗೆ ಇದನ್ನ ಕೊಟ್ಟದ್ದು ಯಾರು?" ಎಂದರು.

ಅವರ ತಾಯಿ ಬದುಕಿಲ್ಲ. ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡ ಸೂಜಿಗಳ ಲೆಕ್ಕ ಯಾರಲ್ಲೂ ಇಲ್ಲ.

"ಗೊತ್ತಿಲ್ಲ," ಎಂದೆ. "ನಿಮ್ಮ ಅಕ್ಕತಂಗಿಯರು ಯಾರಾದರೂ ಇದ್ದಾರಾ?"

"ಅಂಕೋಲೆಯಲ್ಲಿ ಒಬ್ಬಳಿದ್ದಾಳೆ," ಎಂದರು. "ಯಾವಾಗ ಹೋಗುದು?"