ಬಸ್ಸಿನ ಬಾಗಿಲಲ್ಲಿ ನಾನು ಹೇಳದೆ ಹೋದದ್ದು

ಸದಣ್ಣ, ಆ ದಿನ ನಾನು ನಿಮಗೆ ಹೇಳಿರಲಿಲ್ಲ.

ಎರಡನೇ ಪೈಪ್ ಲೈನಿಗೆ ಹಬೆ ಬಿಟ್ಟಿದ್ದೇನೆ ಎಂಬ ಒಂದೇ ಒಂದು ಮಾತು. ಬಸ್ಸಿನ ಬಾಗಿಲಲ್ಲೂ ಹೇಳಲಿಲ್ಲ, ಗೇಟಿನ ಹತ್ತಿರವೂ ಹೇಳಲಿಲ್ಲ, ಆಮೇಲೆ ಫೋನ್ ಮಾಡಿಯೂ ಹೇಳಲಿಲ್ಲ. ನಾನು ಹೇಳಿದ್ದೆ, ನಿಮಗೆ ಮರೆತುಹೋಯಿತು ಎಂದು ಒಂಬತ್ತು ವರ್ಷಗಳಿಂದ ನೀವು ನಂಬಿಕೊಂಡು ಬಂದಿದ್ದೀರಿ. ಮರೆತವನು ನಾನು. ಅದು ನನಗೆ ಆ ದಿನವೇ ಗೊತ್ತಿತ್ತು.

ಕೊಲ್ಲಿ ನಾಡಿನ ಈ ಸೊಹಾರಿನ ಆ ಕಾರ್ಖಾನೆಯಲ್ಲಿ ನನ್ನದು ಬೆಳಗಿನ ಪಾಳಿ, ನಿಮ್ಮದು ಮಧ್ಯಾಹ್ನದ್ದು. ನಿಮ್ಮನ್ನು ತಂದು ಇಳಿಸಿದ ಕಂಪನಿ ಬಸ್ಸೇ ನಮ್ಮನ್ನು ತುಂಬಿಕೊಂಡು ಹೊರಡುತ್ತಿತ್ತು. ನಡುವೆ ಸಿಗುತ್ತಿದ್ದದ್ದು ಹತ್ತು ನಿಮಿಷ. ಬಸ್ಸು ತಪ್ಪಿದರೆ ಜೂನ್ ತಿಂಗಳ ಎರಡು ಗಂಟೆಯ ಬಿಸಿಲಿನಲ್ಲಿ ಗೇಟಿನ ಬಳಿ ಒಣಗಬೇಕು. ಪಾಳಿ ಒಪ್ಪಿಸುವಾಗ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕೆಂಬುದು ನಿಯಮ. ನಾವು ಬರೆಯುತ್ತಿದ್ದೆವೇ? ಇಬ್ಬರೂ ಊರಿನ ಕಡೆಯವರು, ಅರ್ಧ ತುಳು, ಅರ್ಧ ಕನ್ನಡದಲ್ಲಿ ಬಸ್ಸಿನ ಬಾಗಿಲಲ್ಲೇ ಮುಗಿಸಿಬಿಡುತ್ತಿದ್ದೆವು. ಪುಸ್ತಕಕ್ಕೆ ಇಳಿಯುತ್ತಿದ್ದದ್ದು ಮರುದಿನ, ನೆನಪಿನಿಂದ. ಬೇರೆ ಊರಿನವರ ಜೊತೆಗಾದರೆ ಹಾಗೆ ಮಾಡುತ್ತಿರಲಿಲ್ಲ.

ಆ ದಿನ ಒಂದು ಗಂಟೆಗೆ ಎಂಜಿನಿಯರ್ ಹೇಳಿದ ಮೇಲೆ ನಾನು ಎರಡನೇ ಲೈನಿನ ವಾಲ್ವ್ ಬೀಗ ತೆಗೆದು ಹಬೆ ಬಿಟ್ಟೆ. ರಿಪೇರಿಗೆಂದು ಅದು ಇನ್ನೂ ಮೂರು ದಿನ ಮುಚ್ಚಿರುತ್ತದೆಂದು ಹಿಂದಿನ ದಿನ ನಿಮಗೆ ಹೇಳಿದವನೂ ನಾನೇ. ಬಸ್ಸಿನಿಂದ ಇಳಿದ ನಿಮ್ಮ ಮುಖ ಸರಿಯಿರಲಿಲ್ಲ. ಬೆಳಿಗ್ಗೆ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಮ್ಮ ನಿಮ್ಮನ್ನು ಗುರುತಿಸಿರಲಿಲ್ಲ. ‘ಯಾರು ಅಂತ ಕೇಳಿದ್ರು ಮಾರಾಯ, ಮೂರು ಸಲ ಕೇಳಿದ್ರು’ ಎಂದಿರಿ. ಕಣ್ಣು ಒರೆಸಿಕೊಂಡಿರಿ. ನಾನು ನಿಮ್ಮ ಭುಜ ಹಿಡಿದುಕೊಂಡು ನಿಂತೆ. ಚಾಲಕ ಹಾರ್ನ್ ಹೊಡೆದ, ‘ಯಲ್ಲಾ, ಯಲ್ಲಾ’ ಎಂದು ಅವಸರಪಡಿಸಿದ. ನಾನು ಹತ್ತಿ ಕೂತೆ. ಬಸ್ಸು ದೊಡ್ಡ ವೃತ್ತ ದಾಟುವವರೆಗೂ ನಿಮ್ಮ ಅಮ್ಮನ ಬಗ್ಗೆಯೇ ಯೋಚಿಸುತ್ತಿದ್ದೆ — ಇದನ್ನು ಹೇಳಿದರೆ ನೆಪ ಹೇಳಿದಂತಾಗುತ್ತದೆ. ಇರಲಿ. ನಡೆದದ್ದು ಅದೇ.

ಮೂರೂವರೆಗೆ ನೀವು ರಫೀಕನಿಗೆ ಆ ಲೈನು ಬಿಚ್ಚಲು ಹೇಳಿದಿರಿ. ಎಂತಹ ಒಳ್ಳೆಯ ಕೆಲಸಗಾರ, ಆ ಬಾಂಗ್ಲಾದೇಶದ ಫಿಟ್ಟರ್! ಹಬೆ ಅವನ ಬಲಗೈಯನ್ನು ಮೊಣಕೈವರೆಗೆ ಬೇಯಿಸಿಬಿಟ್ಟಿತು. ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಅವನನ್ನು ಊರಿಗೆ ಕಳಿಸಿದರು.

ವಿಚಾರಣೆಯಲ್ಲಿ ಸುರಕ್ಷಾ ಅಧಿಕಾರಿ ನನ್ನನ್ನು ಮೊದಲು ಕೇಳಿದರು. ನನ್ನ ಹೆಂಡತಿ, ಮಗಳು ಊರಿನಿಂದ ಬಂದು ಎರಡು ತಿಂಗಳಾಗಿತ್ತಷ್ಟೆ, ಮನೆಗೆ ಪರದೆ ಕೂಡ ಹಾಕಿರಲಿಲ್ಲ. ‘ಹೇಳಿದ್ದೆ ಸರ್, ಬಸ್ಸಿನ ಹತ್ತಿರ’ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ನೀವು ನನ್ನ ಕಡೆ ತಿರುಗಿದಿರಿ. ಸಿಟ್ಟಿನಿಂದಲ್ಲ, ಅದನ್ನಾದರೂ ತಡೆದುಕೊಳ್ಳಬಹುದಿತ್ತು. ನಿಮ್ಮ ಮುಖದಲ್ಲಿದ್ದದ್ದು ಹೆದರಿಕೆ.

ಹೊರಗಿನ ವರಾಂಡದಲ್ಲಿ ನನ್ನ ಕೈ ಹಿಡಿದು ಕೇಳಿದಿರಿ, ‘ನೀನು ಹೇಳಿದ್ದಿಯಾ ದಿನೇಶ? ನಿಜಕ್ಕೂ? ನನಗೆ ಎಂತದೂ ನೆನಪಿಲ್ಲ ಮಾರಾಯ.’

ಆಗಲಾದರೂ — ನಾವಿಬ್ಬರೇ ಇದ್ದೆವು, ಬಾಗಿಲು ಮುಚ್ಚಿತ್ತು. ನಾನು ಹೇಳಿದ್ದೇನು ಗೊತ್ತೇ? ನಿಮಗೆ ಗೊತ್ತು, ಆದರೂ ನನ್ನ ಕೈಯಿಂದ ಬರೆಯಬೇಕು.

‘ಸದಣ್ಣ, ಬೇಜಾರು ಮಾಡ್ಬೇಡಿ. ನಿಮ್ಮ ಅಮ್ಮನಿಗೂ ಹೀಗೇ ಶುರು ಆದದ್ದಲ್ವಾ?’

ನೀವು ನನ್ನ ಕೈ ಬಿಟ್ಟಿರಿ. ಆಮೇಲೆ ಒಳಗೆ ಹೋಗಿ, ‘ಅವನು ಹೇಳಿರ್ಬೇಕು. ಮರೆತದ್ದು ನಾನು’ ಎಂದು ಸಹಿ ಹಾಕಿದಿರಿ. ಮ್ಯಾನೇಜರ್ ಫೈಲು ಮುಚ್ಚಿ ‘ಖಲಾಸ್’ ಎಂದರು. ತಿಂಗಳು ತುಂಬುವುದರೊಳಗೆ ನೀವು ಕೆಲಸ ಕಳೆದುಕೊಂಡು ಊರಿಗೆ ಮರಳಿ ಬ್ರಹ್ಮಾವರದಲ್ಲಿದ್ದಿರಿ. ವಿಮಾನ ನಿಲ್ದಾಣಕ್ಕೆ ನಿಮ್ಮನ್ನು ಬಿಟ್ಟು ಬಂದದ್ದೂ ನಾನೇ. ಪಾಸ್‌ಪೋರ್ಟ್ ಇದೆಯೇ ಎಂದು ನೀವು ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದಿರಿ.

ಈಗ ಯಾಕೆ ಹೇಳುತ್ತಿದ್ದೇನೆ ಎನ್ನುತ್ತೀರಿ. ಕಳೆದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ಮಗಳು ಅನ್ವಿತಾ ಶಾಲೆಯ ಭಾಷಣ ಒಪ್ಪಿಸುತ್ತಿದ್ದಳು. ಸುಮಾರು ನಾನೂರೈವತ್ತು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿದ್ದ ಒಬ್ಬ ತತ್ವಜ್ಞಾನಿಯ ಮೇಲೆ. ದೋಸೆ ತಿನ್ನುತ್ತಾ ಅರ್ಧ ಕಿವಿ ಕೊಟ್ಟು ಕೂತಿದ್ದೆ. ಅವನು ತನ್ನ ನೆನಪಿನ ಶಕ್ತಿ ಬಹಳ ಕೆಟ್ಟದ್ದೆಂದು ತಾನೇ ಹೇಳಿಕೊಳ್ಳುತ್ತಿದ್ದನಂತೆ. ಹಾಗಾಗಿ ತನಗೆ ಸುಳ್ಳು ಒಗ್ಗುವುದಿಲ್ಲ, ಸುಳ್ಳು ಹೇಳುವವನು ಯಾರಿಗೆ ಏನು ಹೇಳಿದೆನೆಂದು ಸದಾ ಜ್ಞಾಪಕ ಇಟ್ಟುಕೊಳ್ಳಬೇಕು ಎನ್ನುತ್ತಿದ್ದನಂತೆ. ಎಲ್ಲವನ್ನೂ, ತನ್ನನ್ನೂ, ಸಂಶಯದಿಂದ ನೋಡುತ್ತಿದ್ದ, ತನಗೆ ಗೊತ್ತಿರುವುದಾದರೂ ಏನು ಎಂದು ಕೇಳಿಕೊಳ್ಳುತ್ತಿದ್ದ. ಅಷ್ಟು ಹೇಳಿ ಅವಳು ನನ್ನ ಕಡೆ ನೋಡಿ ನಕ್ಕಳು. ‘ಅಪ್ಪಾ, ಯು ನೆವರ್ ಫರ್ಗೆಟ್ ಎನಿಥಿಂಗ್, ನೋ?’

ನಾನು ದೋಸೆಯ ತಟ್ಟೆ ಸರಿಸಿ ಎದ್ದೆ.

ನನ್ನ ನೆನಪಿನ ಶಕ್ತಿ ಇಲ್ಲಿ ಊರಿನವರ ನಡುವೆ ಹೆಸರುವಾಸಿ. ಯಾರ ವೀಸಾ ಯಾವಾಗ ಮುಗಿಯುತ್ತದೆ, ಯಾರ ಮಗಳ ಮದುವೆ ಯಾವ ಹಾಲ್‌ನಲ್ಲಿ ನಡೆಯಿತು, ಎಲ್ಲಕ್ಕೂ ದಿನೇಶನನ್ನು ಕೇಳಿ. ಹೊಗಳಿದರೆ ಹಿಗ್ಗುತ್ತಿದ್ದೆ ಕೂಡ. ಆ ನೆನಪಿನಿಂದಲೇ ನಾನು ಒಂಬತ್ತು ವರ್ಷ ಆ ಸುಳ್ಳನ್ನು ಒಂದು ಅಕ್ಷರ ಹೆಚ್ಚು ಕಡಿಮೆಯಾಗದಂತೆ ಕಾಪಾಡಿದೆ. ಆದರೆ ನನ್ನ ಸುಳ್ಳಿಗೆ ನನ್ನ ನೆನಪೊಂದೇ ಸಾಕಾಗಿರಲಿಲ್ಲ ಸದಣ್ಣ, ನಿಮ್ಮ ಮರೆವೂ ಬೇಕಾಗಿತ್ತು. ನಿಮ್ಮಲ್ಲಿ ಅದು ಇರಲಿಲ್ಲ. ನಾನು ತಂದು ಇಟ್ಟೆ. ಆ ತತ್ವಜ್ಞಾನಿ ತನ್ನ ಸಂಶಯವನ್ನು ತಾನೇ ಆರಿಸಿಕೊಂಡಿದ್ದ, ಪುಸ್ತಕಗಳ ನಡುವೆ ಕೂತು, ನೆಮ್ಮದಿಯಿಂದ. ನಿಮಗೆ ಅದನ್ನು ಕೊಟ್ಟವನು ನೀವು ತಮ್ಮನೆಂದು ಕರೆಯುತ್ತಿದ್ದವನು. ಈ ಇಡೀ ಕತೆಯಲ್ಲಿ ಒಂದು ದಿನವೂ ತನ್ನನ್ನು ಸಂಶಯಿಸದವನು ನಾನೊಬ್ಬನೇ.

ನಿಮ್ಮ ಮನೆಯವರು, ಸುಮತಿಯಕ್ಕ, ಪ್ರತಿ ವರ್ಷ ಫೋನಿನಲ್ಲಿ ಹೇಳುತ್ತಿದ್ದರು. ಮಣಿಪಾಲದಲ್ಲಿ ಎರಡು ಸಲ ನಿಮ್ಮ ತಲೆಯ ಸ್ಕ್ಯಾನ್ ಮಾಡಿಸಿದ್ದು, ಏನೂ ಇಲ್ಲ ಎಂದು ಡಾಕ್ಟರು ನಕ್ಕದ್ದು, ಅವರಿಗೆ ಕಾಣುತ್ತಿಲ್ಲ ಅಷ್ಟೆ ಎಂದು ನೀವು ಹೇಳಿದ್ದು. ಗ್ಯಾಸ್ ಆರಿಸಿದ್ದೇನೆಯೇ ಎಂದು ಪೇಟೆಗೆ ಹೊರಟು ಅರ್ಧ ದಾರಿಯಿಂದ ವಾಪಸು ಬರುವುದು. ಮತ್ತೆ — ಇದನ್ನು ಬರೆಯಲು ಕೈ ಬರುತ್ತಿಲ್ಲ — ಪ್ರತೀಕ್ಷಾ ಚಿಕ್ಕವಳಿದ್ದಾಗ ನೀವು ಅವಳನ್ನು ಒಂದು ದಿನವೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಲಿಲ್ಲವಂತೆ. ದಾರಿಯಲ್ಲಿ ಎಲ್ಲಿ ಮರೆತು ಬರುತ್ತೇನೋ ಎಂದು. ಅಪ್ಪನಿಗೆ ತನ್ನ ಮೇಲೆ ಪ್ರೀತಿಯಿಲ್ಲ ಎಂದು ಆ ಮಗು ಅಳುತ್ತಿತ್ತಂತೆ. ಅದನ್ನು ಕೇಳಿಯೂ ನಾನು ‘ಹೌದಾ ಅಕ್ಕ, ಪಾಪ’ ಎಂದೆ. ಪಾಪ ಎಂದೆ!

ಕಳೆದ ಶನಿವಾರ ನಿಮಗೆ ಫೋನ್ ಮಾಡಿದ್ದು ಇದಕ್ಕೇ. ನಡೆದದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನೀವು ಬೈಯುತ್ತೀರಿ, ಅಳುತ್ತೀರಿ, ಫೋನ್ ಇಡುತ್ತೀರಿ — ಇದಕ್ಕೆಲ್ಲ ಸಿದ್ಧನಾಗಿದ್ದೆ. ನೀವು ಮೆಲ್ಲಗೆ ನಕ್ಕಿರಿ.

‘ಇಲ್ಲ ಮಾರಾಯ, ನೀನು ಹೇಳಿದ್ದಿ. ಮೊದಲು ನನಗೆ ನೆನಪು ಇರ್ಲಿಲ್ಲ, ಈಗ ಉಂಟು. ಬಸ್ಸಿನ ಮೆಟ್ಟಿಲಲ್ಲಿ ಒಂದು ಕಾಲು ಇಟ್ಟು, ಎರಡನೇ ಲೈನ್ ಜಾಗ್ರತೆ ಸದಣ್ಣ ಅಂತ ಹೇಳಿದ್ದು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ನನ್ನನ್ನು ಸಮಾಧಾನ ಮಾಡ್ಲಿಕ್ಕೆ ನೀನು ಸುಳ್ಳು ಹೇಳುದು ಬೇಡ.’

ನಾನು ಆಣೆ ಹಾಕಿದೆ. ನೀವು ನನ್ನ ಮಗಳ ಓದಿನ ಬಗ್ಗೆ ಕೇಳಿದಿರಿ.

ಆದ್ದರಿಂದ ಈಗ ಕಾಗದದಲ್ಲಿ ಬರೆಯುತ್ತಿದ್ದೇನೆ. ಇದನ್ನೇ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ ಮೊನ್ನೆ ಕಂಪನಿಗೆ ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ರಫೀಕನ ವಿಳಾಸ ಹುಡುಕಿಸುತ್ತಿದ್ದೇನೆ. ಹೆಂಡತಿಗೆ ಹೇಳಿದೆ, ಅವಳು ಎರಡು ದಿನದಿಂದ ಮಾತನಾಡುತ್ತಿಲ್ಲ. ಅನ್ವಿತಾಗೆ ಇನ್ನೂ ಹೇಳಬೇಕು.

ನಿಮ್ಮ ನೆನಪನ್ನು ನಂಬಿ ಎಂದು ಬರೆದು ಮುಗಿಸೋಣವೆಂದುಕೊಂಡಿದ್ದೆ. ಅದನ್ನೂ ಬರೆಯುವಂತಿಲ್ಲ — ನಿಮ್ಮ ನೆನಪಿನೊಳಗೂ ಈಗ ನಾನು ನಿಂತು ಸುಳ್ಳು ಹೇಳುತ್ತಿದ್ದೇನೆ. ಮುಂದಿನ ತಿಂಗಳು ಬರುತ್ತೇನೆ ಸದಣ್ಣ. ಸುಮತಿಯಕ್ಕನ ಎದುರು, ಪ್ರತೀಕ್ಷಾಳ ಎದುರು ಎಲ್ಲವನ್ನೂ ಮತ್ತೆ ಹೇಳುತ್ತೇನೆ. ನೀವು ಕೊರಳಪಟ್ಟಿ ಹಿಡಿದು ಹೊರಗೆ ಹಾಕಿದರೆ ಹೋಗುತ್ತೇನೆ. ಆದರೆ ನಂಬದೆ, ನನ್ನ ಬೆನ್ನು ತಟ್ಟಿ, ಎಲೆ ಹಾಕಿ ಊಟಕ್ಕೆ ಕೂರಿಸಿಬಿಟ್ಟರೆ — ನನಗೆ ಭಯ ಇರುವುದು ಅದೊಂದೇ.