ಅವ್ವ ಕೊಟ್ಟ ಡಬ್ಬಿ

ಅವ್ವನ ಮುಖ ಬಿಳಚಿಕೊಂಡಿದ್ದನ್ನು ಮೊದಲು ಗಮನಿಸಿದವಳು ನಾನೇ. ಮೂಡಲಗಿಯಿಂದ ತವರುಮನೆ ಮಮದಾಪುರಕ್ಕೆ ಹೋದಾಗಲೆಲ್ಲ ಅವಳು ನನ್ನ ತಮ್ಮನ ಪುಟ್ಟ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಕಬ್ಬಿಗೆ ನೀರು ಹಾಯಿಸಿ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬರುತ್ತಿತ್ತಂತೆ. ನನ್ನ ತಮ್ಮ ರಕ್ತ ಹೆಚ್ಚಿಸುವ ಗುಳಿಗೆ ತಂದುಕೊಡುತ್ತಿದ್ದ, ರಕ್ತ ಮಾತ್ರ ಏರಲಿಲ್ಲ. ವಯಸ್ಸಾಯಿತು ಎಂದು ಮನೆಯವರೆಲ್ಲ ಸುಮ್ಮನಾಗಿದ್ದರು. ನನಗೆ ಮೈ ಉರಿಯಿತು. ವಯಸ್ಸಾದರೆ ಮೈಯಲ್ಲಿನ ರಕ್ತ ಎಲ್ಲಿಗೆ ಹೋಗುತ್ತದೆ?

ಜಗಳವಾಡಿಯೇ ಅವಳನ್ನು ಘಟಪ್ರಭೆಯ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಲೇಡಿ ಡಾಕ್ಟರನ್ನು ಎಲ್ಲರೂ ‘ಬಾಯಿ’ ಎನ್ನುತ್ತಿದ್ದರು. ಅವರು ಅವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಹೀಗೇ ಬಿಟ್ಟರೆ ಹೃದಯಕ್ಕೆ ಕುತ್ತು ಎಂದರು. ಆಮೇಲೆ ಅವರ ಕಣ್ಣು ಅವ್ವನ ಒಡೆದ ಹಿಮ್ಮಡಿಯ ಮೇಲೆ ಹೋಯಿತು.

“ಹೊಲಕ್ಕ ಚಪ್ಪಲಿ ಹಾಕ್ಕೊಂಡ ಹೋಗ್ತೀರೇನ್ರಿ?”

“ಬೆಳಿ ನಿಂತ ಹೊಲದಾಗ ಯಾರ ಚಪ್ಪಲಿ ಮೆಟ್ತಾರ್ರಿ ಬಾಯಾರ?”

ಜನ ಬಯಲಿಗೆ ಹೋಗುವ ಹಸಿ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ, ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ ಎಂದು ಡಾಕ್ಟರ್ ಬಾಯಿ ವಿವರಿಸಿದರು. ಮಲ ಪರೀಕ್ಷೆಯಾಗಲಿ ಎಂದು ಒಂದು ಸಣ್ಣ ಡಬ್ಬಿ ಕೊಟ್ಟು ಪಕ್ಕದ ಲ್ಯಾಬಿಗೆ ಕಳಿಸಿದರು. ಅಲ್ಲಿ ಕೂತಿದ್ದವನು ತಮ್ಮನ ಹೆಂಡತಿಯ ಅಣ್ಣ, ಹುಕ್ಕೇರಿಯ ಬೀಗರ ಹುಡುಗ. ಅವನನ್ನು ಕಂಡದ್ದೇ ಅವ್ವ ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು.

ಮರುದಿನ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ತಂದು, ಅವನ ಮುಖ ನೋಡದೆ ಮೇಜಿನ ಮೇಲಿಟ್ಟಳು.

ರಿಪೋರ್ಟ್ ಅವನೇ ತಂದುಕೊಟ್ಟ. ಬಾಯಿ ಅದನ್ನು ಎರಡೆರಡು ಸಲ ಓದಿದರು.

“ಕೊಕ್ಕೆಹುಳು ಇಲ್ಲ. ಬ್ಯಾರೆ ಜಂತಿನ ತತ್ತಿ ಭಾಳ ಅದಾವು. ಆದರ ಇವು ಇಷ್ಟು ರಕ್ತ ಹೀರೂದಿಲ್ಲ. ಹೊಟ್ಟಿಯೊಳಗ ಗಡ್ಡಿಗಿಡ್ಡಿ ಐತೇನೋ, ಬೆಳಗಾವಿಗೆ ಹೋಗಿ ತೋರಸ್ರಿ.”

ಅವ್ವನಿಗೆ ಗಡ್ಡೆಯ ಮಾತು ಕೇಳಿಸಿದಂತೆಯೇ ಇರಲಿಲ್ಲ.

“ಜಂತು ಭಾಳ ಅದಾವಂದ್ರ ಜೀವಕ್ಕ ಏನರ ಆಕ್ಕೈತೇನ್ರಿ?”

“ಸಣ್ಣವರಿಗಾದರ ತ್ರಾಸ ಆಕ್ಕೈತಿ. ನಿಮಗ್ಯಾಕ ಅಂಜಿಕಿ?”

ಅವ್ವ ಎದ್ದು ನಿಂತಳು. ಬೀಗರ ಹುಡುಗ ಇನ್ನೂ ಬಾಗಿಲಲ್ಲೇ ಇದ್ದ.

“ಅದು ನಂದಲ್ರಿ, ನನ್ನ ಮೊಮ್ಮಗಳದು. ಬೀಗರ ಕೈಯಾಗ ನಂದ ಹೆಂಗ ಕೊಡ್ಲಿ ಅಂತ ನಾಚಿಕಿ ಆತು, ಕೂಸಿಂದ ತುಂಬಿ ಕೊಟ್ಟೆ. ಮೊದಲ ಕೂಸಿಗೆ ಔಷಧ ಕೊಡ್ರಿ ಬಾಯಾರ.”

ಹುಡುಗ ತಲೆ ತಗ್ಗಿಸಿ ಹೊರಗೆ ಹೋದ. ಬಾಯಿ ಕೂಸಿನ ಔಷಧ ಬರೆದುಕೊಟ್ಟು, “ಈಗ ನಿಮ್ಮದು ಯಾವಾಗ ಕೊಡ್ತೀರಿ, ಯವ್ವಾ?” ಎಂದರು.

ಅವ್ವ ನೆಲ ನೋಡಿದಳು. “ನಂದೇನೈತ್ರಿ. ಹೆಂಗೋ ನಡೀತೈತಿ.”

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. ಕೂಸಿಗಾಗಿ ಒಂದೇ ಉಸಿರಿಗೆ ಕಿತ್ತೆಸೆದ ನಾಚಿಕೆಯನ್ನು ತನ್ನ ಜೀವಕ್ಕಾಗಿ ಬಿಡಲು ಅವಳಿಗೆ ಆಗಲಿಲ್ಲ. ಅವಳ ಜೀವಕ್ಕೂ ಬೆಲೆಯಿದೆ ಎಂದು ಮನೆಯಲ್ಲಿ ಯಾರಾದರೂ ಎಂದಾದರೂ ಹೇಳಿದ್ದೆವೇ?

ಮತ್ತೊಂದು ಪರೀಕ್ಷೆಯಾಗಲಿ ಎಂದು ಡಾಕ್ಟರ್ ಬಾಯಿ ಕಾಯಲಿಲ್ಲ. ರಕ್ತ ಏರಿಸಲು ಚೀಟಿ ಬರೆದು, ಕೊಕ್ಕೆಹುಳುವಿನ ಗುಳಿಗೆಯನ್ನು ಇಲ್ಲೇ ಅಗಿದು ನುಂಗಿ ಎಂದು ಅವ್ವನ ಅಂಗೈಗೆ ಹಾಕಿದರು. ನಾನು ಚೀಟಿ ತೆಗೆದುಕೊಂಡು ತಿರುಗುವಷ್ಟರಲ್ಲಿ ಅವ್ವ ಆ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಕಟ್ಟುತ್ತಿದ್ದಳು.

“ಕೂಸಿಗೆ ಕಮ್ಮಿ ಬಿದ್ದರ ಇರಲಿ,” ಎಂದಳು.

ಗಂಟು ಬಿಚ್ಚಿ ಗುಳಿಗೆಯನ್ನು ನಾನೇ ಅವಳ ಬಾಯಿಗಿಟ್ಟೆ. ನುಂಗುವ ತನಕ ಎದುರಿಗೇ ನಿಂತಿದ್ದೆ.